ಬಿಗಿಯಕ್ಕ ಪಟ್ಟಿ ಕೊಡದ ಸೋಮವಾರ

ಬಿಗಿಯಕ್ಕನಿಗೆ ಸಿಟ್ಟು ಬಂದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಬಾಯಿ ಮಾಡುವ ಹೆಂಗಸೇನೂ ಆಗಿರಲಿಲ್ಲ ಅವಳು. ಅವಳ ಬದಲು ಹೊಲಿಗೆ ಯಂತ್ರ ಬಾಯಿ ಮಾಡುತ್ತಿತ್ತು. ದಪ್ಪ ಕ್ಯಾನ್ವಾಸ್ ಹೊಲಿಯುವ ಆ ಹಳೇ ಕಬ್ಬಿಣದ ಯಂತ್ರವನ್ನು ಅವಳು ಹಲ್ಲು ಕಚ್ಚಿಕೊಂಡು ತುಳಿಯತೊಡಗಿದರೆ ಪಕ್ಕದ ಮನೆಯ ಗೋಡೆಯ ಕನ್ನಡಿ ಗಡಗಡ ನಡುಗುತ್ತಿತ್ತು. "ಇವತ್ತು ಯಾರ ಗ್ರಹಚಾರ ಕೆಟ್ಟಿದೆಯೋ" ಎಂದು ಪಕ್ಕದ ಮನೆಯವಳು ಕನ್ನಡಿಯನ್ನು ಮೊಳೆಯಿಂದ ಬಿಡಿಸಿ ಹಾಸಿಗೆಯ ಮೇಲೆ ಮಲಗಿಸುತ್ತಿದ್ದಳು.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಅವಳು ಕರುಳು ಜಾರಿದವರಿಗೆ ನಡುಪಟ್ಟಿ ಹೊಲಿಯುವವಳು. ಭಾರ ಎತ್ತಿ ಎತ್ತಿ ಕಿಬ್ಬೊಟ್ಟೆ ಸಡಿಲವಾಗಿ, ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಕರುಳು ಉಬ್ಬಿಕೊಂಡು ಬರುತ್ತದಲ್ಲ, ಡಾಕ್ಟರುಗಳು ಹರ್ನಿಯಾ ಅನ್ನುತ್ತಾರಲ್ಲ, ಅದಕ್ಕೆ. ಮೂರು ಪದರದ ಕ್ಯಾನ್ವಾಸು, ಉಬ್ಬಿನ ಜಾಗಕ್ಕೆ ಸರಿಯಾಗಿ ಕೂರುವ ಒಂದು ಪುಟ್ಟ ಚರ್ಮದ ದಿಂಬು, ಅದು ಮೇಲೆ ಸರಿಯದ ಹಾಗೆ ತೊಡೆಯ ಕೆಳಗಿಂದ ಬಳಸಿ ಬರುವ ಇನ್ನೊಂದು ಪಟ್ಟಿ, ಪಕ್ಕೆಯ ಮೇಲೆ ಬಕಲ್ಲು. ಅಂಗಡಿಯಲ್ಲಿ ಸಿಗುವ ಪಟ್ಟಿಗಳು ಎರಡು ಮೂಟೆ ಹೊರುವಷ್ಟರಲ್ಲಿ ಸಡಿಲಾಗಿ ಮೊಣಕಾಲಿಗೆ ಬರುತ್ತಿದ್ದವು. ಇವಳದು ಕಟ್ಟಿದರೆ ಕಟ್ಟಿದ ಹಾಗೆಯೇ. ಪಟ್ಟಿ ಬಿಗಿ, ಕೈ ಬಿಗಿ, ಬಾಯಿಯೂ ಬಿಗಿ. ಯಾರಿಗೆ ಕರುಳು ಜಾರಿದೆ ಎಂಬ ಮಾತು ಅವಳ ಹೊಸ್ತಿಲು ದಾಟುತ್ತಿರಲಿಲ್ಲ.

ಬಿಗಿಯುವ ವಿದ್ಯೆ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಹುಲ್ಲಿನ ಮಂಡಿಯಲ್ಲಿ ಹೊರೆ ಕಟ್ಟುತ್ತಿದ್ದ. "ಮೊಣಕಾಲು ಊರು, ಉಸಿರು ಬಿಡು, ಆಮೇಲೆ ಎಳಿ. ಉಸಿರು ಹಿಡ್ಕೊಂಡು ಎಳೆದ್ರೆ ಗಂಟು ಬೀಳೋದು ಹೊರೆಗಲ್ಲ, ನಿನ್ನ ಹೊಟ್ಟೆಗೆ" ಎನ್ನುತ್ತಿದ್ದ. ಅವನು ಸತ್ತ ಮೇಲೆ ಇವಳು ಚೀಲ ಹೊಲಿಯುವ ಕಾರ್ಖಾನೆ ಸೇರಿ, ತೊಡೆಯೆತ್ತರದ ತಮ್ಮನನ್ನು ಸಾಕಿದಳು. ತಾಯಿಯಿಲ್ಲದ ಹುಡುಗ. ಯಂತ್ರದ ಕೆಳಗೆ ಹರಕು ಕ್ಯಾನ್ವಾಸಿನ ಮೇಲೆ ಮಲಗಿ ಬೆಳೆದವನು. ಅವನಿಗೆ ಕೆಮ್ಮು ಬಂದರೆ ಇವಳಿಗೆ ನಿದ್ದೆ ಹೋಗುತ್ತಿತ್ತು.

ಆಮೇಲೆ ಬೀದಿಯಲ್ಲಿ ಬಿಗಿಯಬೇಕಾದದ್ದೆಲ್ಲ ಅವಳ ಬಾಗಿಲಿಗೇ ಬರತೊಡಗಿತು. ಹೆತ್ತ ಹೆಂಗಸರ ಹೊಟ್ಟೆಗೆ ಪಟ್ಟಿ, ಸೈಕಲ್ಲಿನಿಂದ ಬಿದ್ದವನ ಪಕ್ಕೆಲುಬಿಗೆ ಪಟ್ಟಿ. ಒಂದು ಸಲ ಬಿರುಗಾಳಿಗೆ ಎದುರು ಮನೆಯ ತಗಡಿನ ಮಾಡನ್ನು ಹೊತ್ತ ಮರದ ತೊಲೆ ಸೀಳಿತು. ಬಡಗಿ ಬರುವವರೆಗೆ ಅದನ್ನು ಹಿಡಿದಿಟ್ಟದ್ದು ಇವಳು ಸುತ್ತಿದ ಕ್ಯಾನ್ವಾಸು. ಬಡಗಿ ಬಂದು ನೋಡಿ, "ಇದನ್ನ ಬಿಚ್ಚೋಕೆ ನನಗೆ ಕೂಲಿ ಬೇರೆ ಬೇಕು" ಎಂದ. ಮೂಲೆಯ ಹೋಟೆಲಿನ ಅಡುಗೆಯವನಂತೂ ಒಂದು ಇಡೀ ಕೋಳಿಯನ್ನೇ ತಟ್ಟೆಯಲ್ಲಿಟ್ಟುಕೊಂಡು ಬಂದಿದ್ದ. ಒಲೆಯೊಳಗೆ ಅದರ ಕಾಲು ಕವಲೊಡೆದು ಒಳಗೆ ತುಂಬಿದ್ದೆಲ್ಲ ಹೊರಗೆ ಬರುತ್ತಿತ್ತಂತೆ. ಇವಳು ಒಂದೇ ದಾರದಲ್ಲಿ ಅದರ ರೆಕ್ಕೆ ಕಾಲು ಎಲ್ಲವನ್ನೂ ಹೆಡೆಮುರಿ ಕಟ್ಟಿ ಕೊಟ್ಟು, "ನಿನ್ನ ಕೋಳಿಗೆ ಏನೂ ಆಗಲ್ಲ, ಇನ್ನು ಭಾರ ಎತ್ತೋ ಕೆಲಸ ಕೊಡಬೇಡ ಅಷ್ಟೆ" ಎಂದಿದ್ದಳು. ಅಂದರೆ ನಗುತ್ತಿದ್ದ ಕಾಲವೂ ಒಂದಿತ್ತು.

ಅವಳ ಗಂಡ ನದೀದಂಡೆಯ ಗೋದಾಮಿನಲ್ಲಿ ಮೂಟೆ ಹೊರುವವರ ಮೇಸ್ತ್ರಿ. ಎತ್ತರದ ಆಳು, ಗಂಟಲು ಇನ್ನೂ ಎತ್ತರ. ಲಾರಿ ಬಂತೆಂದರೆ ಅವನ ಕೂಗಿಗೆ ಪಾರಿವಾಳಗಳು ಗೋದಾಮಿನ ಸೂರು ಬಿಟ್ಟು ಏಳುತ್ತಿದ್ದವು. ತಂಡದಲ್ಲಿ ಯಾರ ಜಾಗ ಇರಬೇಕು ಯಾರದು ಹೋಗಬೇಕು ಎಂದು ಹೇಳುವವನು ಅವನೇ. ವಾರ ಮಲಗಿದವನ ಜಾಗ ಮುಂದಿನ ವಾರ ಇನ್ನೊಬ್ಬನ ಪಾಲು, ಇದು ಅಲ್ಲಿಯ ಕಟ್ಟುನಿಟ್ಟು. ಹಾಗಾಗಿ ಯಾರೂ ಮಲಗುತ್ತಿರಲಿಲ್ಲ. ಕರುಳು ಜಾರಿದರೆ ಸದ್ದಿಲ್ಲದೆ ಬಿಗಿಯಕ್ಕನ ಹತ್ತಿರ ಬಂದು ಪಟ್ಟಿ ಕಟ್ಟಿಸಿಕೊಂಡು ಮೂಟೆಯ ಕೆಳಗೆ ಬೆನ್ನು ಕೊಡುತ್ತಿದ್ದರು. ಆದರೂ ಮೇಸ್ತ್ರಿಗೆ ಗೊತ್ತಾಗುತ್ತಿತ್ತು. ಗೊತ್ತಾದವನಿಗೆ ಅವನು ಇಟ್ಟ ಹೆಸರು 'ಹರಕುಚೀಲ'. "ಏ ಹರಕುಚೀಲ, ಕಾಳು ಉದುರೀತು, ನೋಡ್ಕೊಂಡು ನಡಿ!" ಎಂದು ಎಲ್ಲರ ಮುಂದೆ ಕೂಗುವನು. ಉಳಿದವರು ನಗಬೇಕು, ನಗುವರು.

ಇನ್ನು ಕೇಳಿ. ಆ ಮೇಸ್ತ್ರಿಯೇ ಇಪ್ಪತ್ತು ವರ್ಷದಿಂದ ಪಟ್ಟಿ ಕಟ್ಟಿಕೊಳ್ಳುತ್ತಿದ್ದ. ಬಿಗಿಯಕ್ಕ ಜನ್ಮದಲ್ಲಿ ಹೊಲಿದ ಮೊದಲ ಪಟ್ಟಿಯೇ ಅವನದು. ದಿನಾ ಬೆಳಿಗ್ಗೆ ಅವನು ಮಂಚದ ಮೇಲೆ ಅಂಗಾತ ಮಲಗಿ ಸೂರು ನೋಡುವನು. ಅವಳು ಅಂಗೈಯಿಂದ ಉಬ್ಬನ್ನು ಮೆತ್ತಗೆ ಒಳಗೆ ಸೇರಿಸಿ, ದಿಂಬು ಕೂರಿಸಿ, ಬಕಲ್ಲು ಎಳೆಯುವಳು. ಆ ಹೊತ್ತಿನಲ್ಲಿ ಇಬ್ಬರೂ ಮಾತಾಡುತ್ತಿರಲಿಲ್ಲ. ಮೇಲೆ ದೊಗಳೆ ಪ್ಯಾಂಟು. ಮೇಸ್ತ್ರಿಯಾದ ಮೇಲೆ ಅವನು ಮೂಟೆ ಮುಟ್ಟದಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅವಳಂತೂ ಬಾಯಿ ಬಿಡಲಿಲ್ಲ. ಗಂಡನ ಮಾನ ಎಂದು ಆ ಗುಟ್ಟನ್ನೂ ಪಟ್ಟಿಯ ಹಾಗೆಯೇ ಬಿಗಿದು ಕಟ್ಟಿಟ್ಟಿದ್ದಳು.

ತಮ್ಮನೂ ಬೆಳೆದು ಅದೇ ತಂಡ ಸೇರಿದ್ದ. ಭಾವನೆಂದರೆ ಅವನಿಗೆ ಎಲ್ಲಿಲ್ಲದ ಅಭಿಮಾನ. "ಭಾವ ಕಬ್ಬಿಣ ಕಣಕ್ಕ" ಎನ್ನುತ್ತಿದ್ದ. ಪಕ್ಕದ ಗಲ್ಲಿಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದ, ಶನಿವಾರ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ. ಒಂದು ಶನಿವಾರ ಊಟದ ನಡುವೆ ಅವನಿಗೆ ಸೀನು ಬಂತು. ಸೀನುವ ಮೊದಲು ಅವನ ಎಡಗೈ ತಾನಾಗಿ ತೊಡೆಸಂದಿಗೆ ಹೋಗಿ ಒತ್ತಿ ಹಿಡಿಯಿತು. ಸೌಟು ಹಿಡಿದು ನಿಂತಿದ್ದ ಬಿಗಿಯಕ್ಕ ಅದನ್ನು ನೋಡಿದಳು. ಆ ಕೈ ಹಾಗೆ ಹೋಗುವುದನ್ನು ಅವಳು ಎಷ್ಟು ಗಂಡಸರಲ್ಲಿ ನೋಡಿಲ್ಲ!

"ಎದ್ದು ನಿಲ್ಲು" ಎಂದಳು.

"ಊಟ ಮಾಡ್ತಿದ್ದೀನಲ್ಲಕ್ಕ."

"ಎದ್ದು ನಿಲ್ಲೋ ಅಂದೆ!"

ಅಂಗಿ ಎತ್ತಿ ನೋಡಿದರೆ ಅವಳದೇ ಪಟ್ಟಿ. ಅವಳದೇ ಜೋಡಿ ಹೊಲಿಗೆ. ದಪ್ಪ ಸೊಂಟದ ಯಾರಿಗೋ ಎಂದು ಹೊಲಿದು ಕಪಾಟಿನಲ್ಲಿಟ್ಟದ್ದನ್ನು ಈ ಕಡ್ಡಿಯಂಥ ಹುಡುಗನಿಗೆ ಯಾರೋ ಬಿಗಿದಿದ್ದರು. ದಿಂಬು ಪಕ್ಕಕ್ಕೆ ಜಾರಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಉಬ್ಬು ಒಳಗೆ ಹೋಗಿಯೇ ಇರಲಿಲ್ಲ. ಹೊರಗಿದ್ದ ಕರುಳಿನ ಮೇಲೆಯೇ ಪಟ್ಟಿ ಕಟ್ಟಿದ್ದರು. ಚರ್ಮ ಕೆಂಪಗೆ ಕಂದಿಹೋಗಿತ್ತು.

"ಇದನ್ನ ಕಟ್ಟಿದ ಮುಂಡೇದು ಯಾವುದು?"

ತಮ್ಮ ತಲೆ ತಗ್ಗಿಸಿದ. "ಭಾವ. ಗೋದಾಮಿನ ಗೇಟಿನ ಹತ್ರ ನಿಲ್ಲಿಸಿ ಕಟ್ಟಿದ್ರು. ಮಲಗಿ ಗಿಲಗಿ ಅಂತ ಕೂರೋಕೆ ಲಾರಿ ಕಾಯಲ್ಲ ಅಂದ್ರು. ಅಕ್ಕನಿಗೆ ಹೇಳಬೇಡ, ರಂಪ ಮಾಡ್ತಾಳೆ ಅಂದ್ರು."

ದೀಪದ ಬುಡದಲ್ಲೇ ಕತ್ತಲು! ಊರವರ ಹೊಟ್ಟೆಗೆಲ್ಲ ಪಟ್ಟಿ ಕಟ್ಟುವವಳ ತಮ್ಮ, ಅವಳ ಮನೆಯಲ್ಲೇ, ಅವಳ ಪಟ್ಟಿಯಲ್ಲೇ ಉಣ್ಣುತ್ತ ಕೂತು ನರಳುತ್ತಿದ್ದಾನೆ. ಮಲಗಿಸದೆ, ಒಳಗೆ ಸೇರಿಸದೆ ಪಟ್ಟಿ ಕಟ್ಟಬಾರದು ಎಂದು ಅವಳು ಎಷ್ಟು ಜನಕ್ಕೆ ಎಷ್ಟು ಸಲ ಬಾಯಿ ನೋಯಿಸಿಕೊಂಡಿರಲಿಲ್ಲ? ಇಪ್ಪತ್ತು ವರ್ಷ ಅವಳ ಕೈಯಲ್ಲಿ ಮಲಗಿ ಕಟ್ಟಿಸಿಕೊಂಡವನಿಗೆ ಅದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿದ್ದೂ ನಿಲ್ಲಿಸಿ ಕಟ್ಟಿದ. ಅವಳಿಗೆ ಮೈಯೆಲ್ಲ ಉರಿಯಿತು.

ಸೋಮವಾರ ಬೆಳಿಗ್ಗೆಯೇ ಅವಳು ತಮ್ಮನನ್ನು ದರದರ ಎಳೆದುಕೊಂಡು ಸರಕಾರಿ ಆಸ್ಪತ್ರೆಗೆ ಹೋದಳು. ಅಲ್ಲಿಯ ಡಾಕ್ಟರಮ್ಮ ಪರೀಕ್ಷಿಸಿ, ಬೇಗ ಆಪರೇಷನ್ ಆಗಲೇಬೇಕು, ಆಮೇಲೆ ಮೂರು ತಿಂಗಳು ಭಾರ ಎತ್ತಕೂಡದು ಎಂದಳು. ಹೊರಗೆ ಬಂದ ಕರುಳು ಅಲ್ಲೇ ಸಿಕ್ಕಿಕೊಂಡು ರಕ್ತ ಓಡದೆ ಕೊಳೆತರೆ ಪ್ರಾಣಕ್ಕೇ ಸಂಚಕಾರ, ಪಟ್ಟಿಯ ಮೇಲೆ ನಂಬಿಕೆ ಇಟ್ಟು ಕೂರಬೇಡಿ ಎಂದಳು. ಆಮೇಲೆ ಮೇಜಿನ ಮೇಲಿದ್ದ ಪಟ್ಟಿಯನ್ನು ಎತ್ತಿ ತಿರುಗಿಸಿ ಮುರುಗಿಸಿ ನೋಡಿದಳು.

"ಇದನ್ನ ಯಾರು ಹೊಲಿದದ್ದು?"

"ನಾನೇ" ಎಂದಳು ಬಿಗಿಯಕ್ಕ, ಅಷ್ಟು ಸಿಟ್ಟಿನಲ್ಲೂ ಒಂದು ಗುಲಗಂಜಿಯಷ್ಟು ಹೆಮ್ಮೆಯಿಂದ.

"ಹೊಲಿಗೆ ತುಂಬಾ ಚೆನ್ನಾಗಿದೆ. ಅದೇ ಆಗಿರೋದು ತೊಂದರೆ. ಇಷ್ಟು ಚೆನ್ನಾಗಿ ಹಿಡಿದಿಟ್ರೆ ನನ್ನ ಹತ್ರ ಯಾರಮ್ಮಾ ಬರ್ತಾರೆ? ಬರೋ ಹೊತ್ತಿಗೆ ಎಲ್ಲಾ ಕೈ ಮೀರಿರುತ್ತೆ."

ಕಪಾಳಕ್ಕೆ ಹೊಡೆದಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ. ಡಾಕ್ಟರಮ್ಮ ಸುಳ್ಳು ಹೇಳಿದ್ದರೆ ಜಗಳ ಆಡಬಹುದಿತ್ತು. ನಿಜ ಹೇಳಿದವರ ಜೊತೆ ಏನು ಜಗಳ ಆಡುವುದು?

ಆ ಸಂಜೆ ಗಂಡನ ಮುಂದೆ ಚಹಾದ ಲೋಟ ಕುಕ್ಕಿ, "ರೀ, ಮುಂದಿನ ಸೋಮವಾರ ಅವನನ್ನ ಆಸ್ಪತ್ರೆಗೆ ಸೇರಿಸಿಕೊಳ್ತಾರಂತೆ. ಮೂರು ತಿಂಗಳು ಅವನ ಜಾಗ ಯಾರಿಗೂ ಕೊಡಬೇಡಿ" ಎಂದಳು.

"ಸೀಸನ್ ಮುಗೀಲಿ."

"ಕರುಳಿಗೆ ಸೀಸನ್ ಗೊತ್ತಾಗುತ್ತಾ?"

"ನೋಡು, ನಿನ್ನ ತಮ್ಮ ಅಂತ ಅವನಿಗೆ ಜಾಗ ಇಟ್ರೆ ನಾಳೆ ಎಲ್ಲಾ ಹರಕುಚೀಲಗಳೂ ಸಾಲಾಗಿ ಬಂದು ಮಲಗ್ತೀವಿ ಅಂತಾವೆ. ಗೋದಾಮಿನ ಯಜಮಾನ ನನ್ನನ್ನೇ ಒದ್ದು ಹೊರಗೆ ಹಾಕ್ತಾನೆ. ಗಟ್ಟಿಯಾಗಿ ಒಂದು ಪಟ್ಟಿ ಹೊಲಿದು ಕೊಡು, ನಡೆಯುತ್ತೆ. ಎಲ್ಲರಿಗೂ ನಡೀತಿಲ್ವಾ?"

"ಅವನು ಸತ್ರೆ?"

"ಸಾಯೋಕೇನಾಗಿದೆ ಅವನಿಗೆ, ಗುಂಡುಕಲ್ಲಿನ ಹಾಗಿದ್ದಾನೆ. ನಿನ್ನ ಬಾಯಲ್ಲಿ ಒಳ್ಳೇದೇ ಬರಲ್ಲ ನೋಡು."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂಥ ಮನುಷ್ಯನ ಹತ್ತಿರ ಏನು ಮಾತಾಡಿ ಏನು ಬಂತು? ತಮ್ಮನಾದರೂ ನೆಟ್ಟಗಿದ್ದನೇ, ಅದೂ ಇಲ್ಲ. ಮಾರನೆಯ ದಿನ ಸದ್ದಿಲ್ಲದೆ ಕೆಲಸಕ್ಕೆ ಹೋಗಿದ್ದ. "ಭಾವ ಹೇಳಿದ್ದಾರೆ, ಸೀಸನ್ ಮುಗೀಲಕ್ಕ. ಜಾಗ ಹೋದ್ರೆ ಆಮೇಲೆ ಎಲ್ಲಿಗೆ ಹೋಗಲಿ? ಎಲ್ಲರ ಮುಂದೆ ಹರಕುಚೀಲ ಅನ್ನಿಸಿಕೊಳ್ಳೋಕೆ ನನಗೆ ನಾಚಿಕೆಯಾಗುತ್ತೆ" ಎಂದ. ಇವಳು ಅವನ ಅಳತೆ ತೆಗೆದು, ಮಲಗಿಸಿ, ಸರಿಯಾದ ಪಟ್ಟಿ ಕಟ್ಟಿ ಕಳಿಸಿದಳು. ಬೇರೇನು ಮಾಡಿಯಾಳು? ಕಟ್ಟದಿದ್ದರೆ ಗೇಟಿನಲ್ಲಿ ಇನ್ನೊಬ್ಬ ಕಟ್ಟುತ್ತಾನೆ. ಪ್ರತಿ ಬೆಳಿಗ್ಗೆ ಮೊದಲು ಗಂಡನಿಗೆ, ಆಮೇಲೆ ತಮ್ಮನಿಗೆ. ಬಕಲ್ಲು ಎಳೆಯುವಾಗೆಲ್ಲ ಡಾಕ್ಟರಮ್ಮನ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಆ ವಾರವೆಲ್ಲ ಪಕ್ಕದ ಮನೆಯ ಕನ್ನಡಿ ಗೋಡೆ ಹತ್ತಲೇ ಇಲ್ಲ.

ಶನಿವಾರ ಬಂತು. ಆ ಬೀದಿಯಲ್ಲಿ ಶನಿವಾರದ ಸಂಜೆಗೊಂದು ಕ್ರಮವಿತ್ತು. ಕೆಲಸ ಬಿಟ್ಟ ಮೂಟೆಯಾಳುಗಳು ಒಬ್ಬೊಬ್ಬರಾಗಿ, ಬೇರೆ ಯಾವುದೋ ಕೆಲಸಕ್ಕೆ ಬಂದವರ ಹಾಗೆ ಮುಖ ಮಾಡಿಕೊಂಡು, ಬೆವರು ಹತ್ತಿದ ಪಟ್ಟಿಗಳನ್ನು ಕಾಗದದಲ್ಲಿ ಸುತ್ತಿ ಬಿಗಿಯಕ್ಕನ ಮನೆಗೆ ತರುವರು. ಅವಳು ಭಾನುವಾರ ಅವನ್ನು ತೊಳೆದು, ಒಣಗಿಸಿ, ಸಡಿಲಾದ ಹೊಲಿಗೆ ಬಿಚ್ಚಿ ಮತ್ತೆ ಬಿಗಿಯುವಳು. ಭಾನುವಾರ ಅವರೆಲ್ಲ ಹಾಸಿಗೆಯಲ್ಲೇ ಇರುವುದರಿಂದ ಪಟ್ಟಿಯ ಗೊಡವೆ ಇಲ್ಲ. ಸೋಮವಾರ ಬೆಳಿಗ್ಗೆ ಬಂದು ಒಯ್ಯುವರು. ವರ್ಷಗಟ್ಟಲೆ ಹೀಗೇ ನಡೆದು ಬಂದಿತ್ತು.

ಆ ಭಾನುವಾರವೂ ಅವಳು ತೊಳೆದಳು, ಒಣಗಿಸಿದಳು, ಹೊಲಿದಳು. ಕೆಲಸದ ಮೇಲೆ ಅವಳು ಯಾವತ್ತೂ ಸಿಟ್ಟು ತೀರಿಸಿಕೊಂಡವಳಲ್ಲ. ಆಮೇಲೆ ಎಲ್ಲವನ್ನೂ ಕಬ್ಬಿಣದ ಪೆಟ್ಟಿಗೆಗೆ ತುಂಬಿ ಬೀಗ ಜಡಿದಳು. ತಮ್ಮನದನ್ನೂ ಹಾಕಿದಳು. ಒಳಬಾಗಿಲ ಹಿಂದೆ ಮೊಳೆಗೆ ತೂಗುತ್ತಿದ್ದ ಗಂಡನ ಪಟ್ಟಿಯ ಮುಂದೆ ಒಂದು ಗಳಿಗೆ ನಿಂತಳು. ಅದನ್ನೂ ಕಿತ್ತು ಪೆಟ್ಟಿಗೆಗೆ ಹಾಕಿದಳು. ಬೀಗದ ಕೈಯನ್ನು ಸೊಂಟದ ಚೀಲಕ್ಕೆ ಸೇರಿಸಿ, ಚೀಲದ ಬಾಯಿಯನ್ನೇ ಹೊಲಿದುಬಿಟ್ಟಳು.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಮಂಚದ ಮೇಲೆ ಅಂಗಾತ ಮಲಗಿ ಸೂರು ನೋಡುತ್ತ ಕಾದ. ಅವಳು ಬರಲಿಲ್ಲ. ಯಂತ್ರದ ಮುಂದೆ ಕೈಕಟ್ಟಿಕೊಂಡು ಕೂತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಆಳುಗಳು ಬಂದು ಸೇರಿದರು. ಎಲ್ಲರಿಗಿಂತ ಮುಂದೆ, ಸದಾ ಕೆಮ್ಮುವ ಹಿರಿಯಾಳು. ಅವನನ್ನು ಎಲ್ಲರೂ ಕೆಮ್ಮಣ್ಣ ಎನ್ನುತ್ತಿದ್ದರು. ಪಟ್ಟಿಯಿಲ್ಲದೆ ಕೆಮ್ಮಲು ಹೆದರಿ, ಬಾಯಿಗೆ ಒಂದು ಕೈ, ತೊಡೆಸಂದಿಗೆ ಒಂದು ಕೈ ಇಟ್ಟುಕೊಂಡೇ ಬಂದಿದ್ದ. ಹಿಂದೆ ತಮ್ಮನೂ ಇದ್ದ.

"ಬಿಗಿಯಕ್ಕ, ಪಟ್ಟಿ ಕೊಡಮ್ಮ. ಎರಡು ಲಾರಿ ಬಂದು ನಿಂತಿವೆಯಂತೆ."

"ಕೊಡಲ್ಲ."

"ಹಾಂ?"

"ಕಿವಿ ಕೇಳಿಸಲ್ವೇನಣ್ಣ? ಕೊಡಲ್ಲ ಅಂದೆ. ಇವತ್ತು ನನ್ನ ತಮ್ಮನಿಗೆ ಆಸ್ಪತ್ರೆಯಲ್ಲಿ ಮಂಚ ಕಾದಿದೆ. ಅವನ ಜಾಗ ಅವನಿಗೇ ಇರುತ್ತೆ ಅಂತ ಮೇಸ್ತ್ರಿ ನಿಮ್ಮೆಲ್ಲರ ಮುಂದೆ ಹೇಳಬೇಕು. ಹೇಳೋವರೆಗೆ ಒಬ್ಬರಿಗೂ ಪಟ್ಟಿ ಇಲ್ಲ."

ಬಾಗಿಲಲ್ಲಿ ಗದ್ದಲವೆದ್ದಿತು. ನಿನ್ನ ಮನೆ ಜಗಳಕ್ಕೆ ನಮ್ಮ ಅನ್ನಕ್ಕೆ ಯಾಕೆ ಕಲ್ಲು ಹಾಕ್ತೀಯ ಎಂದನೊಬ್ಬ. ಹೆಂಗಸಿಗೆ ತಲೆ ಕೆಟ್ಟಿದೆ ಎಂದನೊಬ್ಬ. ತಮ್ಮ ನಾಚಿಕೆಯಿಂದ ಕೆಂಪಾಗಿ, "ಅಕ್ಕ, ದಮ್ಮಯ್ಯ, ಮರ್ಯಾದೆ ತೆಗೀಬೇಡ" ಎಂದು ಕೈಮುಗಿದ. ಅವಳಿಗೆ ಅವನ ಮೇಲೂ ರೇಗಿತು. ಯಾರ ಜೀವಕ್ಕಾಗಿ ಇಷ್ಟು ಹೊಡೆದಾಡುತ್ತಿದ್ದಾಳೋ ಅವನೇ ಎದುರು ಪಕ್ಷ!

ಅಷ್ಟು ಹೊತ್ತಿಗೆ ಒಳಗಿಂದ ಮೇಸ್ತ್ರಿ ಬಂದ. ಅವನ ಗಂಟಲು ಅವನಿಗಿಂತ ಮುಂಚೆ ಬಂತು. "ಏನೇ ಇದು ನಿನ್ನ ಆಟ? ತೆಗಿ ಪೆಟ್ಟಿಗೆ!"

"ತೆಗೆಯಲ್ಲ."

"ಗಂಡನ ಮಾತಿಗೆ ಕಿಮ್ಮತ್ತಿಲ್ವಾ? ಊರವರ ಮುಂದೆ ನನ್ನ ಮಾನ ಕಳೀತೀಯಾ?"

"ಮಾನ!" ಬಿಗಿಯಕ್ಕ ಎದ್ದು ನಿಂತಳು. ಮದುವೆಯಾದಂದಿನಿಂದ ಒಂದು ದಿನವೂ ಬಾಯಿಂದ ಜಾರದ ಏಕವಚನ ಅವತ್ತು ಜಾರಿತು. "ನಿನ್ನ ಮಾನ ಕಾಯೋಕೆ ನಾನೇನು ಮಾಡಿದ್ದೀನಿ ಅಂತ ನಿನಗೆ ಗೊತ್ತು. ನನ್ನ ಬಾಯಿ ಬಿಡಿಸಬೇಡ. ಆ ಹುಡುಗ ನನ್ನ ಮಡಿಲಲ್ಲಿ ಬೆಳೆದೋನು. ಅವನನ್ನ ಕುರಿ ಕಟ್ಟಿದ ಹಾಗೆ ಗೇಟಲ್ಲಿ ನಿಲ್ಲಿಸಿ ಕಟ್ಟಿದ್ಯಲ್ಲೋ, ನಿನಗೆ ಕೈಯಾದ್ರೂ ಹೇಗೆ ಬಂತು? ಆ ಕರುಳು ಅಲ್ಲೇ ಸಿಕ್ಕಿಕೊಂಡು ಕೊಳೆತಿದ್ರೆ ಆಸ್ಪತ್ರೆಯಿಂದ ಹೆಣ ತರೋಕೆ ಯಾವ ಲಾರಿ ಕಳಿಸ್ತಿದ್ದೆ?"

ಮೇಸ್ತ್ರಿಗೆ ಕಣ್ಣು ಕೆಂಪಾಯಿತು. ಹೆಂಡತಿ, ಎಲ್ಲರೆದುರು, ಏಕವಚನದಲ್ಲಿ! ಸಿಟ್ಟಿನ ಕೈಗೆ ಬುದ್ಧಿ ಕೊಟ್ಟು ಅವನು ಅರಚಿದ.

"ಸಾಯ್ತಾನೆ, ಸಾಯ್ತಾನೆ ಅಂತ ಒಂದು ವಾರದಿಂದ ಅಪಶಕುನ ನುಡೀತಿದ್ದೀಯಲ್ಲ! ಇಪ್ಪತ್ತು ವರ್ಷದಿಂದ ಕಟ್ಕೊಂಡಿದ್ದೀನಿ, ನಾನು ಸತ್ನಾ?"

ಹೇಳಿದ ಮೇಲೆ ಅವನಿಗೇ ಕೇಳಿಸಿತು.

ಕೆಮ್ಮಣ್ಣ ಬಾಯಿಯ ಮೇಲಿನ ಕೈ ತೆಗೆದ. "ಏನಂದೆ ಮೇಸ್ತ್ರಿ?"

ಈಗ ನೋಡಿದರೆ ಎಲ್ಲರಿಗೂ ಕಾಣುತ್ತಿತ್ತು. ಪಟ್ಟಿಯಿಲ್ಲದ ಮೇಸ್ತ್ರಿಯ ಎಡಗೈ ತೊಡೆಸಂದಿಗೆ ಹೋಗಿ ಕೂತಿತ್ತು. ಬಾಗಿಲಲ್ಲಿದ್ದ ಪ್ರತಿಯೊಬ್ಬನ ಕೈಯೂ ಅಲ್ಲೇ ಇತ್ತು.

"ಮಳೆಗಾಲದಲ್ಲಿ ನಾನು ಹಲಗೆ ಮೇಲೆ ಜಾರಿದಾಗ ನೀನು ಏನಂದೆ, ನೆನಪಿದೆಯಾ?" ಎಂದ ಕೆಮ್ಮಣ್ಣ. "ಹರಕುಚೀಲ ಹೊಲಿಸ್ಕೊಂಡು ಬಾ ಅಂದೆ. ನನ್ನ ಮೊಮ್ಮಗನ ವಯಸ್ಸಿನೋರೆಲ್ಲ ಹಲ್ಲು ಕಿಸಿದ್ರು. ಅವತ್ತು ನಿನ್ನ ಪ್ಯಾಂಟಿನ ಒಳಗೂ ಇದೇ ಇತ್ತೇನೋ?"

"ಇತ್ತು" ಎಂದಳು ಬಿಗಿಯಕ್ಕ. "ನಾನೇ ಕಟ್ಟಿ ಕಳಿಸಿದ್ದೆ. ನನಗೂ ಬೈಯಣ್ಣ, ಬಿಡಬೇಡ. ಚೆನ್ನಾಗಿ ಹೊಲೀತೀನಿ ಅಂತ ಬೀಗಿ ನಿಮ್ಮನ್ನೆಲ್ಲ ಭಾರದ ಕೆಳಗೆ ಕಳಿಸ್ತಾ ಬಂದೋಳು ನಾನು."

ಯಾರೂ ಬೈಯಲಿಲ್ಲ. ಯಾರೂ ನಗಲೂ ಇಲ್ಲ. ನಕ್ಕಿದ್ದರೆ ಮೇಸ್ತ್ರಿಗೆ ವಾಸಿಯಾಗಿತ್ತು. ತಮ್ಮ ಮಾತ್ರ ಭಾವನನ್ನೇ ನೋಡುತ್ತಿದ್ದ. ಕಬ್ಬಿಣ ಎಂದುಕೊಂಡಿದ್ದ ಮನುಷ್ಯ ಬಾಗಿಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಮುದುಕನ ಹಾಗೆ ನಿಂತಿದ್ದ. ತಮ್ಮ ಮೆಲ್ಲಗೆ ಒಳಗೆ ಬಂದು ಅಕ್ಕನ ಪಕ್ಕ ನಿಂತ.

"ಇಪ್ಪತ್ತು ವರ್ಷ ಹೀಗೆ ಕದ್ದು ಕಟ್ಕೊಂಡಿರೋಕೆ ನನ್ನ ಕೈಲಾಗಲ್ಲ ಭಾವ. ಜಾಗ ಇಟ್ರೆ ಇಡಿ, ಬಿಟ್ರೆ ಬಿಡಿ. ನಾನು ಹೋಗ್ತೀನಿ. ಅಕ್ಕ, ನಡಿ."

"ಜಾಗ ಇರುತ್ತೆ" ಎಂದ ಮೇಸ್ತ್ರಿ.

"ನನಗಲ್ಲ ಹೇಳೋದು. ಅವರಿಗೆ ಹೇಳು" ಎಂದಳು ಬಿಗಿಯಕ್ಕ.

ಅವನು ಬಾಗಿಲ ಕಡೆ ತಿರುಗಿದ. ಅವನ ಗಂಟಲು ಅಷ್ಟು ಸಣ್ಣಗಾದದ್ದನ್ನು ಅಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ. "ಯಾರು ಕೊಯ್ಯಿಸಿಕೊಂಡು ಬಂದರೂ ಜಾಗ ಇರುತ್ತೆ. ಯಜಮಾನ ಬೇಡ ಅಂದ್ರೆ ನನ್ನ ಜಾಗವೂ ಬೇಡ ಅಂತೀನಿ."

"ನಮ್ಮದೂ" ಎಂದ ಕೆಮ್ಮಣ್ಣ. ಅವನ ಮುಖ ಇನ್ನೂ ಸಡಿಲವಾಗಿರಲಿಲ್ಲ.

ಬಿಗಿಯಕ್ಕ ಕತ್ತರಿ ತೆಗೆದುಕೊಂಡು ಸೊಂಟದ ಚೀಲದ ಹೊಲಿಗೆ ಕಿತ್ತು, ಪೆಟ್ಟಿಗೆ ತೆರೆದು, ಒಬ್ಬೊಬ್ಬನ ಪಟ್ಟಿಯನ್ನೂ ಅವನವನ ಕೈಗೆ ಕೊಟ್ಟಳು. ಅವತ್ತು ಯಾರೂ ಅದನ್ನು ಕಾಗದದಲ್ಲಿ ಸುತ್ತಿಕೊಳ್ಳಲಿಲ್ಲ. "ಮನೆಗೆ ಹೋಗಿ ಮಲಗಿ ಕಟ್ಕೊಳ್ಳಿ. ನಿಂತುಕೊಂಡು ಕಟ್ಟಿದೋರ ಚರ್ಮ ಸುಲೀತೀನಿ" ಎಂದು ಬೈದೇ ಕಳಿಸಿದಳು.

ಅವಳು ಒಳಗೆ ಹೋದಾಗ ಮೇಸ್ತ್ರಿ ಮಂಚದ ಮೇಲೆ ಅಂಗಾತ ಮಲಗಿ ಸೂರು ನೋಡುತ್ತಿದ್ದ. ಅವಳ ಕೈಯಲ್ಲಿ ಅವನ ಪಟ್ಟಿ ಇತ್ತು, ಇನ್ನೊಂದು ಕೈಯಲ್ಲಿ ಕತ್ತರಿ ಹಾಗೇ ಉಳಿದಿತ್ತು.

"ನಮ್ಮಪ್ಪ ಜ್ವರದಲ್ಲಿ ಸತ್ತದ್ದಲ್ಲ ಕಣೇ" ಎಂದ ಅವನು ಸೂರಿಗೆ. "ಇದನ್ನೇ ಕೊಯ್ಯಿಸ್ಕೊಳ್ಳೋಕೆ ಹೋಗಿದ್ದ. ನಡ್ಕೊಂಡು ಒಳಗೆ ಹೋದೋನನ್ನ ಹೊತ್ಕೊಂಡು ಹೊರಗೆ ತಂದ್ರು. ನಾನು ಬಾಗಿಲಲ್ಲೇ ಕೂತಿದ್ದೆ. ನನಗೆ ಹೆದರಿಕೆ. ಇವನನ್ನ ಕಳಿಸೋಕೂ ಹೆದರಿಕೆ. ಕಟ್ಟು ಈಗ."

ಬಿಗಿಯಕ್ಕನಿಗೆ ಕರುಣೆ ಬರಬೇಕಿತ್ತು. ಬಂದದ್ದು ಮತ್ತೂ ಸಿಟ್ಟೇ. "ಇಪ್ಪತ್ತು ವರ್ಷ! ದಿನಾ ಬೆಳಿಗ್ಗೆ ನನ್ನ ಕೈ ನಿನ್ನ ಹೊಟ್ಟೆ ಮೇಲಿತ್ತು. ಒಂದು ದಿನ, ಒಂದೇ ಒಂದು ದಿನ ಈ ಮಾತು ಬಾಯಿಗೆ ಬರಲಿಲ್ವಾ? ನಾನೇನು ಹೊರಗಿನವಳಾ?" ಎಂದು ಅಳುತ್ತ, ಬೈಯುತ್ತ, ಕೈಯಲ್ಲಿದ್ದ ಪಟ್ಟಿಯನ್ನು ದಿಂಬಿನ ಪಕ್ಕಕ್ಕೆ ಕತ್ತರಿಸಿದಳು. ತಾನು ಹೊಲಿದ ಹೊಲಿಗೆ ತನಗೇ ಬಗ್ಗಲಿಲ್ಲ. ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಬೇಕಾಯಿತು.

ಪಟ್ಟಿ ಕಟ್ಟಿಕೊಂಡು ಮರಳಿ ಬಂದ ಕೆಮ್ಮಣ್ಣ ಹೊರಗಿಂದ ಕೂಗಿದ: "ಮೇಸ್ತ್ರೀ, ಲಾರಿ ಹಾರ್ನ್ ಹೊಡೀತಿದೆ!"

"ಮೇಸ್ತ್ರಿ ಬರಲ್ಲ" ಎಂದಳು ಬಿಗಿಯಕ್ಕ ಒಳಗಿನಿಂದಲೇ. "ಆಸ್ಪತ್ರೆಗೆ ಹೊರಟಿದ್ದಾರೆ. ಇವತ್ತು ನೀನೇ ಕೂಗು."

ಮೂವರೂ ಬೀದಿಗೆ ಇಳಿದರು. ಮುಂದೆ ಅವಳು, ಹಿಂದೆ ತಮ್ಮ, ಅವನ ಹಿಂದೆ ಗಂಡ. ಇಬ್ಬರಿಗೂ ಪಟ್ಟಿಯಿಲ್ಲ. ಇಬ್ಬರ ಎಡಗೈಯೂ ತೊಡೆಸಂದಿನ ಮೇಲೆ. ಪಕ್ಕದ ಮನೆಯವಳು ಬಾಗಿಲಿಗೆ ಬಂದು ನಿಂತಳು, ಎದುರು ಮನೆಯವರು ಕಿಟಕಿ ತೆರೆದರು, ಹೋಟೆಲಿನ ಅಡುಗೆಯವನು ಸೌಟು ಹಿಡಿದೇ ಹೊರಗೆ ಬಂದ. ಮೇಸ್ತ್ರಿ ನಾಚಿ ಕೈ ಸರಿಸಿಕೊಳ್ಳಲು ಹೋದ.

ಬಿಗಿಯಕ್ಕ ತಿರುಗಿ ನೋಡಿ ಗದರಿದಳು. "ಕೈ ತೆಗೀಬೇಡಿ! ನೋಡಲಿ ಎಲ್ಲರೂ."

ಅವನು ತೆಗೆಯಲಿಲ್ಲ.